ಸ್ಕೀಮಾದ ಪ್ರಕಾರಗಳೂ ಕ್ರಮವಿಧಿಯ ವರ್ಗಗಳೂ



ದತ್ತಿ ಉಪನ್ಯಾಸಗಳಲ್ಲಿ ಕಾವ್ಯ, ಶಾಸನ, ದರ್ಶನಗಳೇ ವಿಷಯವಾಗಿ ಬರುವುದು ನಮ್ಮ ನಾಡಿನ ರೂಢಿ. ಆ ರೂಢಿಯಲ್ಲಿ ನನಗೆ ಪೂರ್ಣ ಗೌರವವಿದೆ. ಆದರೂ ಇಂದು ಗಣಕಶಾಸ್ತ್ರದ ಒಂದು ಸೂಕ್ಷ್ಮ ಪ್ರಶ್ನೆಯನ್ನು ತಮ್ಮ ಮುಂದಿಡಲು ಧೈರ್ಯಮಾಡಿರುವುದಕ್ಕೆ ಕಾರಣ, ಆ ಪ್ರಶ್ನೆಯು ಹೊಲದ ಒಡೆತನ, ಉಕ್ಕಿನ ಗುಣ, ಊರಿನ ಹೆಸರು ಇವುಗಳ ಲಿಖಿತ ಸತ್ಯಕ್ಕೆ ಸಂಬಂಧಿಸಿದ್ದೆಂಬ ನನ್ನ ದೃಢವಾದ ನಂಬಿಕೆ. ಪತ್ರವೊಂದರಲ್ಲಿ ಏನೇನು ಇರಬೇಕು, ಯಾವ ಕ್ರಮದಲ್ಲಿ ಇರಬೇಕು, ಯಾವ ಮಿತಿಯೊಳಗೆ ಇರಬೇಕು ಎಂಬುದನ್ನು ಎಕ್ಸ್‌ಎಂಎಲ್ ಸ್ಕೀಮಾ ಎಂಬ ನಿಯಮಪತ್ರವು ತನ್ನ ಪ್ರಕಾರಗಳ ಮೂಲಕ ವಿಧಿಸುತ್ತದೆ. ಜಾವಾ, ಸಿ ಶಾರ್ಪ್ ಮೊದಲಾದ ವಸ್ತುಪ್ರಧಾನ ಭಾಷೆಗಳು ಅದೇ ಸಂಗತಿಯನ್ನು ವರ್ಗ, ಎಂದರೆ ಕ್ಲಾಸ್, ಎಂಬ ತಮ್ಮದೇ ಆದ ಕಟ್ಟಿನಲ್ಲಿ ಹಿಡಿಯುತ್ತವೆ. ಒಂದನ್ನು ಇನ್ನೊಂದಕ್ಕೆ ಹೊಂದಿಸುವಾಗ ಯಾವುದು ಉಳಿಯುತ್ತದೆ, ಯಾವುದು ಜಾರಿಹೋಗುತ್ತದೆ, ಜಾರಿದುದಕ್ಕೆ ಹೊಣೆ ಯಾರು ಎಂಬುದೇ ಇಂದಿನ ವಿಚಾರ.

ಶಿವಮೊಗ್ಗೆಯ ಸೀಮೆಯಲ್ಲಿ, ಹೊಲದ ಒಡೆತನವನ್ನು ದಾಖಲಿಸುವ ಪಹಣಿಯನ್ನು ಕಾಣದ ಕೃಷಿಕ ಕುಟುಂಬವಿಲ್ಲ. 1923ರಿಂದ ಕಬ್ಬಿಣ ಕರಗಿಸಿದ ಭದ್ರಾವತಿಯಲ್ಲಿ, ಉಕ್ಕಿನ ಸರಕಿನೊಡನೆ ಅದರ ರಾಸಾಯನಿಕ ಗುಣವನ್ನು ಹೇಳುವ ಟೆಸ್ಟ್ ಸರ್ಟಿಫಿಕೇಟು ಹೋಗಬೇಕೆಂಬುದನ್ನು ಅರಿಯದ ಕಾರ್ಮಿಕ ಕುಟುಂಬವೂ ವಿರಳ. ಈ ಎರಡು ಪತ್ರಗಳನ್ನೇ ನಾನು ನಿದರ್ಶನವಾಗಿ ಇಟ್ಟುಕೊಳ್ಳುತ್ತೇನೆ. ಕರ್ನಾಟಕ ಸರ್ಕಾರದ ‘ಭೂಮಿ’ ಯೋಜನೆಯಲ್ಲಿ ಸುಮಾರು 2 ಕೋಟಿ ಪಹಣಿಗಳು ಗಣಕಕ್ಕೆ ಏರಿದುದು ತಮಗೆಲ್ಲ ತಿಳಿದ ಸಂಗತಿ. ಆ ಯೋಜನೆಯ ಒಳರಚನೆಯನ್ನು ವಿವರಿಸುವುದು ನನ್ನ ಉದ್ದೇಶವಲ್ಲ. ಪಹಣಿಯ ಕಾಗದವನ್ನೇ ಎದುರಿಗಿಟ್ಟುಕೊಂಡು, ಅದಕ್ಕೆ ನಾವೇ ಒಂದು ಸ್ಕೀಮಾವನ್ನು ರಚಿಸಿದರೆ ಏನಾದೀತೆಂದು ವಿಚಾರಮಾಡೋಣ.

ಇತಿಹಾಸವನ್ನು ಸಂಕ್ಷೇಪವಾಗಿ ಹೇಳುತ್ತೇನೆ. ದಸ್ತಾವೇಜುಗಳ ಗುರುತುಪಟ್ಟಿಗಾಗಿ 1986ರಲ್ಲಿ ಅಂತರರಾಷ್ಟ್ರೀಯ ಮಾನಕವಾದ ಎಸ್‌ಜಿಎಂಎಲ್ ಎಂಬ ಭಾಷೆಯ ಸಂತತಿಯಾಗಿ ಎಕ್ಸ್‌ಎಂಎಲ್ 1998ರ ಫೆಬ್ರವರಿ 10ರಂದು ಪ್ರಕಟವಾಯಿತು. ಅದಕ್ಕೆ ಪ್ರಕಾರಗಳ ಶಿಸ್ತನ್ನು ತಂದ ಸ್ಕೀಮಾ 2001ರ ಮೇ 2ರಂದು ಬಂದು, 19 ಮೂಲ ಪ್ರಕಾರಗಳನ್ನೂ ಅವುಗಳಿಂದ ನಿಷ್ಪನ್ನವಾದ 25 ಪ್ರಕಾರಗಳನ್ನೂ ಸಿದ್ಧವಾಗಿ ಕೊಟ್ಟಿತು. ವರ್ಗವೆಂಬ ಕಲ್ಪನೆಯಾದರೋ 1960ರ ದಶಕದ ನಾರ್ವೆಯಲ್ಲಿ, ಓಲೆ ಯೋಹಾನ್ ಡಾಲ್ ಮತ್ತು ಕ್ರಿಸ್ಟನ್ ನ್ಯೂಗಾರ್ಡ್ ಎಂಬಿಬ್ಬರು ನಿರ್ಮಿಸಿದ ಸಿಮುಲಾ ಭಾಷೆಯಲ್ಲಿ ಮೈದಳೆದುದು. ಲೋಕವ್ಯವಹಾರದ ವ್ಯವಸ್ಥೆಗಳು ಹೇಗೆ ನಡೆಯುತ್ತವೆಂಬುದನ್ನು ಗಣಕದಲ್ಲಿ ಅನುಕರಿಸಿ ನೋಡುವುದು ಅವರ ಪ್ರಯೋಜನವಾಗಿತ್ತು. ಸ್ಕೀಮಾ ಹುಟ್ಟಿದ್ದು ಬರವಣಿಗೆಯ ಲೋಕದಲ್ಲಿ, ವರ್ಗ ಹುಟ್ಟಿದ್ದು ನಡವಳಿಕೆಯ ಲೋಕದಲ್ಲಿ. ಬರೆದದ್ದು ಸಮ್ಮತವೊ ಅಸಮ್ಮತವೊ ಎಂದು ತೀರ್ಪು ಹೇಳಿದೊಡನೆ ಸ್ಕೀಮಾದ ಕೆಲಸ ಮುಗಿಯಿತು. ವರ್ಗದ ಕೆಲಸ ಅಲ್ಲಿಂದ ಮುಂದಕ್ಕೆ ಮೊದಲಾಗುತ್ತದೆ. ಈ ಭೇದವನ್ನು ಮರೆತವರು ಎರಡನ್ನೂ ಒಂದೇ ಎಂದು ಭಾವಿಸಿ, ಸ್ಕೀಮಾದಿಂದ ಯಂತ್ರವು ಹೆತ್ತ ವರ್ಗಗಳನ್ನೇ ತಮ್ಮ ಕ್ರಮವಿಧಿಯ, ಎಂದರೆ ಪ್ರೋಗ್ರಾಮಿನ, ಹೃದಯದಲ್ಲಿ ಪ್ರತಿಷ್ಠಾಪಿಸುತ್ತಾರೆ. ಅದು ಕೂಡದೆಂಬುದೇ ನನ್ನ ಪ್ರತಿಪಾದನೆ.

ಹಾಗೆ ಹೆರುವ ಉಪಕರಣಗಳು ಬಹುಕಾಲದಿಂದ ಇವೆ. ಜಾವಾದಲ್ಲಿ ಜಾಕ್ಸ್‌ಬಿ ಎಂಬುದು 2006ರಲ್ಲಿ ಭಾಷೆಯ ಆರನೆಯ ಆವೃತ್ತಿಯೊಡನೆಯೇ ಬರತೊಡಗಿ, 2018ರ ಹನ್ನೊಂದನೆಯ ಆವೃತ್ತಿಯಲ್ಲಿ ಹೊರಕ್ಕೆ ಹೋಗಿ ಈಗ ಪ್ರತ್ಯೇಕವಾಗಿ ಬದುಕಿದೆ. ಸಿ ಶಾರ್ಪಿನ ನೆಲೆಯಾದ ಡಾಟ್‌ನೆಟ್‌ನಲ್ಲಿ ಎಕ್ಸ್‌ಎಸ್‌ಡಿ ಎಂಬ ಒಂದು ಉಪಕರಣವಿದೆ. ಸ್ಕೀಮಾದ ಸಂಕೀರ್ಣ ಪ್ರಕಾರವೊಂದಕ್ಕೆ ಒಂದು ವರ್ಗ, ಅದರೊಳಗಿನ ಎಲಿಮೆಂಟಿಗೆ, ಎಂದರೆ ಪತ್ರದ ಗುರುತಿಟ್ಟ ಘಟಕಕ್ಕೆ, ಒಂದು ಕ್ಷೇತ್ರ, ಎಂದರೆ ಫೀಲ್ಡ್, ಎಷ್ಟು ಬಾರಿಯಾದರೂ ಬರಬಹುದಾದ ಎಲಿಮೆಂಟಿಗೆ ಒಂದು ಪಟ್ಟಿ, ಒಂದು ಪ್ರಕಾರವನ್ನು ವಿಸ್ತರಿಸಿ ಮಾಡಿದ ಪ್ರಕಾರಕ್ಕೆ ಒಂದು ಮಗುವರ್ಗ, ಇಷ್ಟನ್ನು ಅವು ಕ್ಷಣಾರ್ಧದಲ್ಲಿ ಮಾಡಿಕೊಡುತ್ತವೆ. ಕೈಯಿಂದ ಬರೆದರೆ ದಿನಗಟ್ಟಲೆ ಹಿಡಿಯುವ ನೀರಸ ಕಾರ್ಯವನ್ನು ಅವು ತಪ್ಪಿಲ್ಲದೆ ಮುಗಿಸುವುದರಿಂದ ಅವುಗಳಲ್ಲಿ ನನಗೆ ಕೃತಜ್ಞತೆಯೇ ಇದೆ.

ಈಗ ಪಹಣಿಗೆ ಬರೋಣ. ಎರಡು ಎಕರೆ ಇಪ್ಪತ್ತು ಗುಂಟೆ ವಿಸ್ತೀರ್ಣವನ್ನು 2.20 ಎಂಬಂತೆ ಚುಕ್ಕೆಯಿಟ್ಟು ಬರೆಯುವುದು ಹಳ್ಳಿಗಾಡಿನ ಬಳಕೆ. ಹಳ್ಳಿಯವರಾರೂ ಅದನ್ನು ದಶಾಂಶವೆಂದು ತಿಳಿಯರು; 40 ಗುಂಟೆಗೆ ಒಂದು ಎಕರೆಯಾದುದರಿಂದ ಅದು ಎರಡೂವರೆ ಎಕರೆ ಎಂಬುದು ಶಾಲೆ ಕಾಣದ ರೈತನಿಗೂ ಗೊತ್ತು. ಆದರೆ ಪಹಣಿಯನ್ನು ಕಂಡರಿಯದ ಕ್ರಮವಿಧಿಕಾರನು ಆ ಚುಕ್ಕೆಯನ್ನು ನೋಡಿ, ವಿಸ್ತೀರ್ಣಕ್ಕೆ ಸ್ಕೀಮಾದ ಡೆಸಿಮಲ್ ಪ್ರಕಾರವನ್ನು ಕೊಟ್ಟನೆನ್ನೋಣ. ಡೆಸಿಮಲ್ಲಿನ ದೃಷ್ಟಿಯಲ್ಲಿ 2.20 ಎಂಬುದೂ 2.2 ಎಂಬುದೂ ಒಂದೇ ಮೌಲ್ಯ. ರೈತನ ದೃಷ್ಟಿಯಲ್ಲಿ ಎರಡನೆಯದು ಎರಡು ಎಕರೆ ಎರಡು ಗುಂಟೆ ಎಂದಾಗಿಬಿಡುವ ಅಪಾಯವಿದ್ದು, ಹದಿನೆಂಟು ಗುಂಟೆ ನೆಲ ಕಾಗದದ ಮೇಲೆ ಮಾಯವಾಗಬಹುದು. ಒಂದು ಎಕರೆ ಮೂವತ್ತು ಗುಂಟೆಯ ಎರಡು ತುಂಡುಗಳನ್ನು ಕೂಡಿದರೆ ದಶಾಂಶದ ಲೆಕ್ಕ 2.60 ಎನ್ನುತ್ತದೆ, ನೆಲದ ಲೆಕ್ಕ ಮೂರು ಎಕರೆ ಇಪ್ಪತ್ತು ಗುಂಟೆ. ಪತ್ರವು ಸ್ಕೀಮಾಕ್ಕೆ ಸಮ್ಮತವಾಗಿಯೇ ಇದ್ದು, ಯಾವ ಉಪಕರಣವೂ ದೋಷವೆತ್ತದೆ, ಕೊನೆಗೆ ಫಲಿತಾಂಶ ಮಾತ್ರ ಅಸತ್ಯವಾಗುವ ಈ ಬಗೆಯ ಅನರ್ಥವೇ ಎಲ್ಲಕ್ಕಿಂತ ಭಯಂಕರವಾದುದು.

ಯೋಗ್ಯವಾದ ಸ್ಕೀಮಾ ಹೇಗಿರಬೇಕು? ವಿಸ್ತೀರ್ಣವೆಂಬುದು ಎಕರೆ, ಗುಂಟೆ, ಆಣೆ ಎಂಬ ಮೂರು ಎಲಿಮೆಂಟುಗಳುಳ್ಳ ಸಂಕೀರ್ಣ ಪ್ರಕಾರವಾಗಬೇಕು. ಗುಂಟೆಯ ಪರಮಾವಧಿ 39 ಎಂದೂ, ಗುಂಟೆಗೆ 16 ಆಣೆಯಾದುದರಿಂದ ಆಣೆಯ ಪರಮಾವಧಿ 15 ಎಂದೂ ವಿಧಿಸಬೇಕು. ಇಷ್ಟನ್ನು ಸ್ಕೀಮಾ ಬಹು ಸೊಗಸಾಗಿ ಹೇಳಬಲ್ಲುದು. ಈ ಪ್ರಕಾರವನ್ನು ಉಪಕರಣಕ್ಕೆ ಕೊಟ್ಟರೆ ‘ವಿಸ್ತೀರ್ಣ’ ಎಂಬ ವರ್ಗವೊಂದು ಹೊರಬರುತ್ತದೆ. ಅದರಲ್ಲಿ ಮೂರು ಪೂರ್ಣಾಂಕಗಳಿರುತ್ತವೆ. ಆದರೆ 39ರ ಮಿತಿ ಎಲ್ಲಿ? ಸಾಮಾನ್ಯ ಬಳಕೆಯಲ್ಲಿ ಈ ಉಪಕರಣಗಳು ಅಂಥ ಮಿತಿಗಳನ್ನು ವರ್ಗದೊಳಕ್ಕೆ ಒಯ್ಯುವುದಿಲ್ಲವಾಗಿ, ಕ್ರಮವಿಧಿಯ ಯಾವುದೋ ಮೂಲೆಯಲ್ಲಿ ಯಾರಾದರೂ ಗುಂಟೆಯ ಕ್ಷೇತ್ರದಲ್ಲಿ 55 ಎಂದು ಇಟ್ಟರೆ ವರ್ಗವು ಮೌನವಾಗಿ ಸ್ವೀಕರಿಸುತ್ತದೆ. ಇನ್ನು ಎರಡು ವಿಸ್ತೀರ್ಣಗಳನ್ನು ಕೂಡುವುದು, ಹಿಸ್ಸೆಗಳಾಗಿ ಭಾಗಿಸುವುದು, ಒಂದು ಇನ್ನೊಂದಕ್ಕಿಂತ ದೊಡ್ಡದೆ ಎಂದು ಹೋಲಿಸುವುದು, ಇವು ಯಾವುವೂ ಸ್ಕೀಮಾದಲ್ಲಿ ಇಲ್ಲ, ಇರಲಾರವು. ಏಕೆಂದರೆ ಅದು ಬರಹದ ಆಕಾರವನ್ನು ಬಲ್ಲುದಲ್ಲದೆ ನೆಲದ ಅಂಕಗಣಿತವನ್ನು ಅರಿಯದು. ನಿಜವಾದ ವಿಸ್ತೀರ್ಣವರ್ಗವನ್ನು ಕೈಯಾರೆ ಬರೆಯಬೇಕು: ಹುಟ್ಟುವಾಗಲೇ ಮಿತಿಯನ್ನು ಪರೀಕ್ಷಿಸಿ, ಹುಟ್ಟಿದ ಮೇಲೆ ಬದಲಾಗದೆ, ಕೂಡು ಎಂದರೆ 40ರ ಮತ್ತು 16ರ ಲೆಕ್ಕದಲ್ಲಿ ಕೂಡುವ ವರ್ಗ ಅದು.

ಭದ್ರಾವತಿಯ ಫೌಂಡ್ರಿಯ ಅನುಭವವುಳ್ಳವರಿಗೆ ಇದನ್ನು ಒಂದು ದೃಷ್ಟಾಂತದಿಂದ ಹೇಳಬಹುದು. ಎರಕದ ಮರದ ಪ್ಯಾಟರ್ನನ್ನು ಬೇಕಾದ ವಸ್ತುವಿನ ಅಳತೆಗೆ ಸರಿಯಾಗಿ ಕೆತ್ತಿದರೆ ಎರಕ ಆರಿದ ಮೇಲೆ ವಸ್ತು ಚಿಕ್ಕದಾಗುತ್ತದೆ. ಎರಕದ ಕಬ್ಬಿಣ ಸುಮಾರು ನೂರಕ್ಕೆ ಒಂದರಷ್ಟು, ಉಕ್ಕು ಅದರ ಸುಮಾರು ಇಮ್ಮಡಿಯಷ್ಟು ಕುಗ್ಗುವುದರಿಂದ, ಪ್ಯಾಟರ್ನ್ ಮಾಡುವ ಕುಶಲಿಯು ಯಾವ ಲೋಹವೆಂಬುದನ್ನು ಮೊದಲೇ ವಿಚಾರಿಸಿ ಆ ಕುಗ್ಗುವಿಕೆಗೆ ಅವಕಾಶವಿಟ್ಟೇ ಕೆತ್ತುತ್ತಾನೆ. ಸ್ಕೀಮಾದಿಂದ ವರ್ಗಕ್ಕೆ ಬರುವಾಗಲೂ ಅರ್ಥವು ಕುಗ್ಗುತ್ತದೆ, ಮತ್ತು ಜಾವಾದಲ್ಲಿ ಕುಗ್ಗುವ ಬಗೆ ಬೇರೆ, ಸಿ ಶಾರ್ಪಿನಲ್ಲಿ ಕುಗ್ಗುವ ಬಗೆ ಬೇರೆ.

ಆ ಭೇದಕ್ಕೆ ಪಹಣಿಯ 9ನೆಯ ಕಾಲಮೇ ಸಾಕ್ಷಿ. ಸ್ವಾಧೀನದಾರನು ಒಬ್ಬ ವ್ಯಕ್ತಿಯಾಗಿರಬಹುದು, ದೇವಸ್ಥಾನವಾಗಿರಬಹುದು, ಸರ್ಕಾರವೇ ಆಗಿರಬಹುದು. ಮೂರರಲ್ಲಿ ಒಂದು ಮಾತ್ರ ಎಂಬುದನ್ನು ಸ್ಕೀಮಾ ಚಾಯ್ಸ್ ಎಂಬ ವಿಧಿಯಿಂದ ಸ್ಪಷ್ಟವಾಗಿ ಹೇಳುತ್ತದೆ. ಜಾವಾದ ಉಪಕರಣವು ಇದಕ್ಕೆ ಮೂರು ಐಚ್ಛಿಕ ಕ್ಷೇತ್ರಗಳನ್ನು ಮಾಡುವುದರಿಂದ ಮೂರನ್ನೂ ತುಂಬುವುದು ಸಾಧ್ಯವಾಗುತ್ತದೆ, ಮೂರನ್ನೂ ಖಾಲಿ ಬಿಡುವುದೂ ಸಾಧ್ಯವಾಗುತ್ತದೆ. ಡಾಟ್‌ನೆಟ್‌ನ ಉಪಕರಣವು ‘ಐಟಮ್’ ಎಂಬ ಒಂದೇ ಕ್ಷೇತ್ರವನ್ನು ಮಾಡಿ ಅದರಲ್ಲಿ ಏನನ್ನು ಬೇಕಾದರೂ ಇಡಬಹುದಾದ ಆಬ್ಜೆಕ್ಟ್ ಪ್ರಕಾರವನ್ನು ಇಟ್ಟುಬಿಡುತ್ತದೆ. ವಿಕಲ್ಪವನ್ನು ಯಥಾರ್ಥವಾಗಿ ಹೇಳಬಲ್ಲ ಸೀಲ್ಡ್ ವರ್ಗಗಳು ಜಾವಾಕ್ಕೆ ಸ್ಥಿರವಾಗಿ ಬಂದುದು 2021ರ ಹದಿನೇಳನೆಯ ಆವೃತ್ತಿಯಲ್ಲಿ. ಅವನ್ನು ಬಳಸಿ ಕೈಯಿಂದ ಬರೆದರೆ ಮಾತ್ರ ಸ್ಕೀಮಾದ ಮೂಲಾರ್ಥಕ್ಕೆ ಸಮೀಪವಾದ ವರ್ಗಗಳಾದಾವು.

ಇದಕ್ಕಿಂತ ಮುಖ್ಯವಾದುದು 11ನೆಯ ಕಾಲಮು, ಎಂದರೆ ಇತರ ಹಕ್ಕುಗಳೂ ಋಣಗಳೂ ದಾಖಲಾಗುವ ಸ್ಥಳ. ಬ್ಯಾಂಕಿನ ಸಾಲ ತೀರಿದೆಯೊ ಇಲ್ಲವೊ ಎಂಬುದನ್ನು ಈ ಕಾಲಮನ್ನು ನೋಡಿಯೇ ನಿಶ್ಚಯಿಸುವ ವಾಡಿಕೆಯಿರುವಾಗ, ಇಲ್ಲಿಯ ಶೂನ್ಯತೆಗೂ ಅರ್ಥವುಂಟು. ಋಣವೆಂಬ ಎಲಿಮೆಂಟೇ ಪತ್ರದಲ್ಲಿ ಇಲ್ಲದಿರುವುದು ಒಂದು ಸ್ಥಿತಿ. ಎಲಿಮೆಂಟ್ ಇದ್ದು ಅದರೊಳಗೆ ಬರಹವಿಲ್ಲದಿರುವುದು ಎರಡನೆಯದು. ಎಲಿಮೆಂಟನ್ನು ಬರೆದು ಅದು ನಿಲ್ ಎಂದು ಪ್ರಜ್ಞಾಪೂರ್ವಕವಾಗಿ ಗುರುತಿಸಿರುವುದು ಮೂರನೆಯದು. ಮೂರನ್ನೂ ಸ್ಕೀಮಾ ಪ್ರತ್ಯೇಕಿಸಬಲ್ಲುದು. ವರ್ಗದಲ್ಲಿಯಾದರೋ ಮೊದಲನೆಯದೂ ಮೂರನೆಯದೂ ಸಾಧಾರಣವಾಗಿ, ಏನೂ ಇಲ್ಲವೆಂದು ಸೂಚಿಸುವ ನಲ್ ಎಂಬ ಒಂದೇ ಗುಂಡಿಗೆ ಬೀಳುತ್ತವೆ. ಋಣವಿಲ್ಲ ಎಂದು ಪರಿಶೀಲಿಸಿ ಬರೆದುದಕ್ಕೂ, ಋಣದ ವಿಚಾರವನ್ನು ಯಾರೂ ಬರೆಯದೆ ಬಿಟ್ಟುದಕ್ಕೂ ಭೇದವಳಿದರೆ, ಆ ಜಮೀನನ್ನು ಕೊಳ್ಳಲು ಬಂದವನ ಗತಿ ಏನಾಗಬೇಕು? ಇಷ್ಟೇ ಅಲ್ಲದೆ ಈ ಕಾಲಮಿನಲ್ಲಿ ನ್ಯಾಯಾಲಯದ ತಡೆಯಾಜ್ಞೆ, ಪೋಷಣೆಯ ಹಕ್ಕು, ದಾರಿಯ ಹಕ್ಕು ಮೊದಲಾದವು ವಾಕ್ಯರೂಪದಲ್ಲಿ ಬರುತ್ತವೆ. ವಾಕ್ಯದ ನಡುವೆ ದಿನಾಂಕವನ್ನೂ ಮೊಬಲಗನ್ನೂ ಗುರುತಿಸಬೇಕಾದಾಗ ಬರಹವೂ ಎಲಿಮೆಂಟೂ ಬೆರೆತ ಮಿಶ್ರ ಪ್ರಕಾರ ಅನಿವಾರ್ಯ. ದಸ್ತಾವೇಜುಗಳ ವಂಶದಲ್ಲಿ ಹುಟ್ಟಿದ ಎಕ್ಸ್‌ಎಂಎಲ್‌ಗೆ ಈ ಮಿಶ್ರಣ ಸಹಜ. ವರ್ಗಗಳಿಗೆ ಅದು ಸರ್ವಥಾ ಒಗ್ಗದು. ಜಾವಾದ ಉಪಕರಣವು ಹೆರುವುದು ಬರಹದ ತುಣುಕುಗಳೂ ವಸ್ತುಗಳೂ ಸೇರಿದ ಒಂದು ಅವಿಭಕ್ತ ಪಟ್ಟಿಯನ್ನು. ಇಂಥ ಕಾಲಮನ್ನು ವರ್ಗವಾಗಿ ಒಡೆಯುವ ಹಟವನ್ನು ಬಿಟ್ಟು, ಮೂಲಪತ್ರದ ರೂಪದಲ್ಲಿಯೇ ಕಾಪಾಡಿ, ಬೇಕಾದ ಅಂಶವನ್ನಷ್ಟೇ ಅದರಿಂದ ಓದಿಕೊಳ್ಳುವುದು ಲೇಸೆಂದು ನನ್ನ ಅಭಿಪ್ರಾಯ.

ಒಡೆತನದ ಇನ್ನೊಂದು ತೊಡಕು ವೃಕ್ಷಕ್ಕೂ ಜಾಲಕ್ಕೂ ಇರುವ ಅಂತರ. ಎಕ್ಸ್‌ಎಂಎಲ್ ಪತ್ರವು ಒಂದು ವೃಕ್ಷ: ಪಹಣಿಯ ಕೆಳಗೆ ಸ್ವಾಧೀನದಾರರು, ಅವರ ಕೆಳಗೆ ಅವರ ವಿವರ. ಲೋಕವಾದರೋ ಒಂದು ಜಾಲ: ಒಂದು ಸರ್ವೆ ನಂಬರಿಗೆ ಜಂಟಿಯಾಗಿ ನಾಲ್ವರು ಇರುತ್ತಾರೆ, ಆ ನಾಲ್ವರಲ್ಲಿ ಒಬ್ಬನ ಹೆಸರು ಬೇರೆ ಮೂರು ಸರ್ವೆ ನಂಬರುಗಳಲ್ಲಿಯೂ ಇರುತ್ತದೆ. ಪತ್ರಗಳಿಂದ ಹುಟ್ಟಿದ ವಸ್ತುಗಳಲ್ಲಿ ಆ ಒಬ್ಬ ರೈತನು ನಾಲ್ಕು ಬೇರೆಬೇರೆ ವಸ್ತುಗಳಾಗಿ ನಿಲ್ಲುತ್ತಾನೆ. ಒಂದರಲ್ಲಿ ಅವನ ವಿಳಾಸವನ್ನು ತಿದ್ದಿದರೆ ಉಳಿದ ಮೂರಕ್ಕೆ ಸುದ್ದಿಯೇ ತಿಳಿಯದು. ಹೆಸರು ಒಂದೇ ಎಂಬುದರಿಂದ ವ್ಯಕ್ತಿ ಒಬ್ಬನೇ ಎಂದು ಸೇರಿಸಲೂ ಬಾರದು, ಏಕೆಂದರೆ ಒಂದೇ ಗ್ರಾಮದಲ್ಲಿ ಒಂದೇ ಹೆಸರಿನ ಇಬ್ಬರಿರುವುದು ನಮ್ಮಲ್ಲಿ ಸಾಮಾನ್ಯ.

ಟೆಸ್ಟ್ ಸರ್ಟಿಫಿಕೇಟಿನ ಕಡೆಗೆ ತಿರುಗೋಣ. ಭಾರತೀಯ ಮಾನಕದ 40ಸಿ8 ಎಂಬ ಉಕ್ಕಿನಲ್ಲಿ ಇಂಗಾಲವು ನೂರಕ್ಕೆ 0.35ರಿಂದ 0.45ರವರೆಗೆ ಇರತಕ್ಕದ್ದು. ಸಾಮಾನ್ಯವಾದ ‘ಸಂಯೋಜನೆ’ ಎಂಬ ಪ್ರಕಾರವನ್ನು ಮೊದಲು ರಚಿಸಿ, ಅದನ್ನು ಸಂಕೋಚಿಸಿ 40ಸಿ8ರ ಪ್ರಕಾರವನ್ನು ಪಡೆಯುವುದು ಸ್ಕೀಮಾದಲ್ಲಿ ಸುಲಭ. ಇಲ್ಲಿ ಒಂದು ತಾತ್ವಿಕ ವಿರೋಧ ಎದ್ದು ಕಾಣುತ್ತದೆ. ವರ್ಗಗಳ ವಂಶಕ್ರಮದಲ್ಲಿ ಮಗುವರ್ಗವು ತಾಯಿವರ್ಗದ ಎಲ್ಲವನ್ನೂ ಪಡೆದು ಅದಕ್ಕೆ ಏನನ್ನಾದರೂ ಸೇರಿಸಬಹುದೇ ಹೊರತು ಕಳೆಯಲಾಗದು. ಸ್ಕೀಮಾದ ಸಂಕೋಚವಾದರೋ ಕಳೆಯುವುದಕ್ಕಾಗಿಯೇ ಹುಟ್ಟಿದುದು. ತಾಯಿಯಲ್ಲಿ ಐಚ್ಛಿಕವಾಗಿದ್ದ ಎಲಿಮೆಂಟನ್ನು ಅದು ಪೂರ್ತಿಯಾಗಿ ನಿಷೇಧಿಸಲೂಬಹುದು. ಉಪಕರಣವು ಇದನ್ನೂ ಮಗುವರ್ಗವನ್ನಾಗಿಯೇ ಮಾಡುತ್ತದೆ, ನಿಷೇಧಿಸಿದ ಕ್ಷೇತ್ರ ಮಗುವಿನಲ್ಲಿ ಹಾಗೆಯೇ ಉಳಿಯುತ್ತದೆ. ತಾಯಿಯ ಸ್ಥಾನದಲ್ಲಿ ಮಗುವನ್ನು ನಿಲ್ಲಿಸಿದರೂ ಕ್ರಮವಿಧಿಯು ಕೆಡಬಾರದೆಂದು ಬಾರ್ಬರಾ ಲಿಸ್ಕೋವ್ ಅವರು 1987ರಲ್ಲಿ ಪ್ರತಿಪಾದಿಸಿದ ತತ್ತ್ವದ ಬೆಳಕಿನಲ್ಲಿ ನೋಡಿದರೆ, ಓದುವವನಿಗೆ ಸಂಕೋಚದಿಂದ ಬಾಧೆಯಿಲ್ಲ, ಬದಲಾಯಿಸುವವನಿಗೆ ಬಾಧೆಯುಂಟು. ಅದರಿಂದ ಇಂಥ ವರ್ಗಗಳ ವಸ್ತುಗಳು ಒಮ್ಮೆ ಹುಟ್ಟಿದ ಮೇಲೆ ಬದಲಾಗದಂತಿರುವುದೇ ಉಚಿತ ಮಾರ್ಗ.

ಅಂಕಿಗಳ ವಿಷಯದಲ್ಲಿಯೂ ಎಚ್ಚರ ಬೇಕು. ಇಂಗಾಲದ ಪ್ರಮಾಣವನ್ನು ದ್ವಿಮಾನ ಪದ್ಧತಿಯ ಡಬಲ್ ಪ್ರಕಾರದಲ್ಲಿ ಹಿಡಿದರೆ 0.35 ಎಂಬುದು ನಿಖರವಾಗಿ ಕೂರುವುದಿಲ್ಲವಾದುದರಿಂದ, ಗಡಿಯಲ್ಲಿ ನಿಂತ ಲೆಕ್ಕಾಚಾರಗಳು ಸಂದಿಗ್ಧವಾಗುತ್ತವೆ. ಡೆಸಿಮಲ್ಲನ್ನು ಜಾವಾದ ಬಿಗ್‌ಡೆಸಿಮಲ್ ವರ್ಗಕ್ಕೆ ಹೊಂದಿಸುವುದು ಸರಿ. ಆದರೂ ಸ್ಕೀಮಾದ ಮತದಲ್ಲಿ 0.4 ಮತ್ತು 0.40 ಸಮಾನವಾಗಿದ್ದರೆ, ಬಿಗ್‌ಡೆಸಿಮಲ್ಲಿನ ಈಕ್ವಲ್ಸ್ ಎಂಬ ಕ್ರಿಯೆಯು ಅವನ್ನು ಅಸಮಾನವೆನ್ನುತ್ತದೆ. ಕಂಪೇರ್‌ಟು ಎಂಬ ಕ್ರಿಯೆಯನ್ನು ಕೇಳಿದರೆ ಸಮಾನವೆಂದೇ ಹೇಳುತ್ತದೆ. ಪ್ರಯೋಗಶಾಲೆಯ ರಸಾಯನಜ್ಞನಿಗಂತೂ 0.40 ಎಂಬ ಬರಹದ ಕೊನೆಯ ಸೊನ್ನೆಯು ಅಳತೆಯ ಸೂಕ್ಷ್ಮತೆಯನ್ನು ಸೂಚಿಸುವ ಮಾನ್ಯ ಅಂಕಿ.

ಇಷ್ಟು ಹೊತ್ತು ಹೇಳಿದುದು ಯಾವ ದೇಶದ ಪತ್ರಗಳಿಗೂ ಸಲ್ಲುತ್ತದೆ. ಕನ್ನಡದ ಪತ್ರಗಳಿಗೆ ವಿಶೇಷವಾಗಿ ಸಲ್ಲುವ ಸಂಗತಿಗಳು ಕೆಲವಿದ್ದು, ಅವನ್ನು ನಾವೇ ಗಮನಿಸದಿದ್ದರೆ ಬೇರೆ ಯಾರೂ ಗಮನಿಸರು. ‘ಶಿವಮೊಗ್ಗ’ ಎಂದು ಬರೆದರೆ ನಮ್ಮ ಕಣ್ಣಿಗೆ ನಾಲ್ಕು ಅಕ್ಷರ, ‘ಭದ್ರಾವತಿ’ಯೂ ನಾಲ್ಕೇ. ಯೂನಿಕೋಡಿನ ಎಣಿಕೆಯಲ್ಲಿ ಸ್ವರಚಿಹ್ನೆಗಳನ್ನೂ ವಿರಾಮವನ್ನೂ ಬಿಡಿಬಿಡಿಯಾಗಿ ಲೆಕ್ಕಹಿಡಿಯುವುದರಿಂದ ಎರಡೂ ಎಂಟೆಂಟು ಸಂಕೇತಗಳು. ಸಾಲದುದಕ್ಕೆ ‘ಮೊ’ದಲ್ಲಿರುವ ಒಕಾರದ ಚಿಹ್ನೆಯನ್ನು ಒಂದು ಸಂಕೇತದಿಂದಲೂ ಬರೆಯಬಹುದು, ಎರಡು ಸಂಕೇತಗಳಿಂದಲೂ ಬರೆಯಬಹುದು, ಎರಡನೆಯ ರೀತಿಯಲ್ಲಿ ಬಂದ ಶಿವಮೊಗ್ಗ ಒಂಬತ್ತಾಗುತ್ತದೆ. ಗರಿಷ್ಠ ಉದ್ದ ಎಂಟು ಎಂದು ವಿಧಿಸಿದ ಸ್ಕೀಮಾ, ಕಣ್ಣಿಗೆ ಒಂದೇ ಆಗಿ ಕಾಣುವ ಎರಡು ಬರಹಗಳಲ್ಲಿ ಒಂದನ್ನು ಒಪ್ಪಿ ಇನ್ನೊಂದನ್ನು ತಿರಸ್ಕರಿಸುತ್ತದೆ. ವರ್ಗದೊಳಗೆ ಬಂದ ಮೇಲೂ ಅವೆರಡು ಪರಸ್ಪರ ಸಮಾನವೆನಿಸವು. ಆಂಗ್ಲ ಹೆಸರುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ವಿಧಿಸಿದ ಉದ್ದದ ಮಿತಿಗಳು ನಮ್ಮ ಹೆಸರುಗಳ ಕತ್ತನ್ನು ಕೊಯ್ಯುವುದು ಹೀಗೆ. ನನಗೆ ಈ ವಿಷಯದಲ್ಲಿ ಬಹಳ ವ್ಯಥೆಯಿದೆ.

ಅಂಕಿಗಳ ಕಥೆ ಇನ್ನೂ ವಿಚಿತ್ರ. ಪಿನ್‌ಕೋಡಿಗೆ ಆರು ಅಂಕಿಗಳಿರಲಿ ಎಂದು, ಬರಹದ ಮಾದರಿಯನ್ನು ವಿಧಿಸುವ ಸ್ಕೀಮಾದ ಪ್ಯಾಟರ್ನಿನಲ್ಲಿ ಅಂಕಿಯ ಸಾಮಾನ್ಯ ಚಿಹ್ನೆಯನ್ನು ಬಳಸಿದರೆ, ಅದು ಯೂನಿಕೋಡಿನ ಎಲ್ಲ ಲಿಪಿಗಳ ಅಂಕಿಗಳನ್ನೂ ಒಪ್ಪುವುದರಿಂದ 577201 ಎಂಬುದೂ ಸಮ್ಮತ, ೫೭೭೨೦೧ ಎಂಬುದೂ ಸಮ್ಮತ. ಅದೇ ಪ್ಯಾಟರ್ನನ್ನು ಜಾವಾಕ್ಕೆ ನಕಲುಮಾಡಿದರೆ, ಅಲ್ಲಿಯ ಸಹಜ ನಿಯಮವು ಕನ್ನಡದ ಅಂಕಿಗಳನ್ನು ನಿರಾಕರಿಸುತ್ತದೆ; ಆದರೆ ಬರಹವನ್ನು ಪೂರ್ಣಾಂಕವನ್ನಾಗಿ ಮಾಡುವ ಜಾವಾದ ಕ್ರಿಯೆಯು ಅವನ್ನು ಸಂತೋಷದಿಂದ ಓದುತ್ತದೆ. ಡಾಟ್‌ನೆಟ್‌ನಲ್ಲಿ ಇದಕ್ಕೆ ತದ್ವಿರುದ್ಧ: ಪ್ಯಾಟರ್ನು ಒಪ್ಪುತ್ತದೆ, ಪೂರ್ಣಾಂಕದ ಕ್ರಿಯೆ ನಿರಾಕರಿಸುತ್ತದೆ. ಸ್ಕೀಮಾದ ಪೂರ್ಣಾಂಕ ಪ್ರಕಾರವು 0ಯಿಂದ 9ರವರೆಗಿನ ರೂಪಗಳನ್ನಷ್ಟೇ ಬಲ್ಲುದು. ಕನ್ನಡದ ಅಂಕಿಗಳಲ್ಲಿ ಬರೆದ ಪತ್ರವನ್ನು ಸ್ವೀಕರಿಸುವುದೊ ಬೇಡವೊ ಎಂಬುದು ಆಡಳಿತದ ನಿರ್ಧಾರವಾಗಬೇಕು. ಉಪಕರಣಗಳ ಆಕಸ್ಮಿಕ ಸ್ವಭಾವಕ್ಕೆ ಅದನ್ನು ಬಿಡಲಾಗದು.

ಎಲಿಮೆಂಟುಗಳಿಗೆ ಕನ್ನಡದಲ್ಲಿಯೇ ಹೆಸರಿಡಲು ಎಕ್ಸ್‌ಎಂಎಲ್ ಮೊದಲಿನಿಂದಲೂ ಅನುಮತಿ ಕೊಟ್ಟಿದೆ. ಜಾವಾ ಮತ್ತು ಸಿ ಶಾರ್ಪ್ ಭಾಷೆಗಳೂ ವರ್ಗಗಳಿಗೆ ಕನ್ನಡದ ಹೆಸರನ್ನು ಒಪ್ಪುತ್ತವೆ. ಆದರೆ ಆಂಗ್ಲದಲ್ಲಿ ವರ್ಗದ ಹೆಸರನ್ನು ದೊಡ್ಡಕ್ಷರದಿಂದಲೂ ಕ್ಷೇತ್ರದ ಹೆಸರನ್ನು ಚಿಕ್ಕಕ್ಷರದಿಂದಲೂ ಆರಂಭಿಸಿ ಭೇದವನ್ನು ಉಳಿಸುವ ಉಪಾಯ ನಮ್ಮ ಲಿಪಿಯಲ್ಲಿಲ್ಲ. ಸಿ ಶಾರ್ಪ್ ಭಾಷೆಯು ವರ್ಗದ ಹೆಸರನ್ನೇ ಅದರೊಳಗಿನ ಸದಸ್ಯಕ್ಕೆ ಇಡಗೊಡದಾದುದರಿಂದ, ‘ಹಕ್ಕು’ ಎಂಬ ಪ್ರಕಾರದೊಳಗೆ ‘ಹಕ್ಕು’ ಎಂಬ ಎಲಿಮೆಂಟಿದ್ದರೆ ಹೆಸರನ್ನು ಬದಲಿಸಲೇಬೇಕು.

ಹಾಗಾದರೆ ಕರ್ತವ್ಯವೇನು? ಉಪಕರಣವು ಹೆತ್ತ ವರ್ಗಗಳನ್ನು ಹೊಸ್ತಿಲಲ್ಲಿ ಮಾತ್ರ ಇಟ್ಟು, ಅಲ್ಲಿಯೇ ಸ್ಕೀಮಾದ ಪರೀಕ್ಷೆಯನ್ನು ಪೂರ್ತಿಯಾಗಿ ನಡೆಸಿ, ಸಮ್ಮತವಾದ ಪತ್ರದಿಂದ ಮೌಲ್ಯಗಳನ್ನು ತೆಗೆದು, ವಿಷಯವನ್ನು ಬಲ್ಲವರು ಬರೆದ ಒಳವರ್ಗಗಳಿಗೆ ಒಪ್ಪಿಸುವುದು ನಾನು ಸೂಚಿಸುವ ಮಾರ್ಗ. ಇದರಿಂದ ಕೆಲಸ ಹೆಚ್ಚುತ್ತದೆಂಬುದು ನಿಜ. ಹತ್ತು ಕ್ಷೇತ್ರಗಳ ಸಣ್ಣ ಪತ್ರಕ್ಕೆ ಎರಡು ಪದರಗಳೇಕೆ ಎಂದು ಕೇಳುವವರ ಆಕ್ಷೇಪಣೆಯಲ್ಲಿ ಹುರುಳಿದೆ. ಅಲ್ಲಿ ಒಂದೇ ಪದರ ಸಾಕು. ಆದರೆ ಜಮೀನು, ಹಣ, ಲೋಹದ ಗುಣ ಇವುಗಳ ವಿಷಯದಲ್ಲಿ ಆ ಮಿತವ್ಯಯ ಸಲ್ಲದು. ಈಚೆಗೆ ಎಕ್ಸ್‌ಎಂಎಲ್‌ನ ಸ್ಥಾನಕ್ಕೆ ಜೇಸನ್ ಎಂಬ ಇನ್ನೊಂದು ಪತ್ರರೂಪ ಬಂದಿದೆ, ಆದಾಯ ತೆರಿಗೆಯ ವಿವರಣಪತ್ರಗಳೂ ಅದಕ್ಕೆ ಬದಲಾಗಿವೆ, ಹಳೆಯ ಪ್ರಶ್ನೆ ಸತ್ತಿತು ಎನ್ನುವವರುಂಟು. ಐಚ್ಛಿಕತೆ, ವಿಕಲ್ಪ, ಮಿತಿ, ವೃಕ್ಷ, ಜಾಲ ಇವುಗಳ ತೊಡಕು ಜೇಸನ್ನಿನಲ್ಲಿಯೂ ಇದ್ದಂತೆಯೇ ಇದೆ.

ಕೊನೆಯದಾಗಿ ಶಿವಮೊಗ್ಗ ಎಂಬ ಈ ಊರಿನ ಹೆಸರಿನ ವಿಷಯ. ಜಿಲ್ಲೆಗಳ ಹೆಸರುಗಳನ್ನು ಸ್ಕೀಮಾದಲ್ಲಿ ಎಣಿಕೆಪಟ್ಟಿಯಾಗಿ ವಿಧಿಸಿದರೆ ಉಪಕರಣವು ಅದಕ್ಕೆ ಈನಮ್ ಎಂಬ ಮುಚ್ಚಿದ ವರ್ಗವನ್ನು ಮಾಡುತ್ತದೆ. 2014ರ ನವೆಂಬರ್ 1ರಂದು ಆಂಗ್ಲ ಬರವಣಿಗೆಯ ‘ಶಿಮೊಗ’ವು ‘ಶಿವಮೊಗ್ಗ’ವಾಗಿ, ರಾಜ್ಯದ ಇನ್ನೂ ಹನ್ನೊಂದು ನಗರಗಳ ಹೆಸರುಗಳೂ ಅಂದೇ ಪರಿಷ್ಕೃತವಾದವು. ಹಳೆಯ ಪಟ್ಟಿಯಿಂದ ಹುಟ್ಟಿದ ವರ್ಗಕ್ಕೆ ಹೊಸ ಹೆಸರಿನ ಪತ್ರ ಬಂದರೆ, ಸ್ಕೀಮಾಪರೀಕ್ಷೆಯನ್ನು ಜೋಡಿಸದ ಜಾಕ್ಸ್‌ಬಿಯು ಮೌನವಾಗಿ ಜಿಲ್ಲೆಯ ಸ್ಥಾನದಲ್ಲಿ ನಲ್ ಇಟ್ಟು ಮುಂದೆ ಸಾಗುತ್ತದೆ. ಡಾಟ್‌ನೆಟ್‌ನ ಓದುಗಯಂತ್ರವು ದೋಷವೆತ್ತಿ ಅಲ್ಲಿಯೇ ನಿಲ್ಲುತ್ತದೆ. ಎರಡರಲ್ಲಿ ನಿಲ್ಲುವುದನ್ನೇ ನಾನು ಮೆಚ್ಚುತ್ತೇನೆ. ಹೆಸರಿಗೆ ಬದಲಾಗಿ ಸ್ಥಿರವಾದ ಸಂಕೇತಸಂಖ್ಯೆಯನ್ನು ಪತ್ರದಲ್ಲಿ ಬರೆದು, ಹೆಸರುಗಳ ಪಟ್ಟಿಯನ್ನು ಸ್ಕೀಮಾದ ಹೊರಗೆ, ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ ಎಂಬ ಉಲ್ಲೇಖದೊಡನೆ ಇಡುವುದು ಇದಕ್ಕೆ ಪರಿಹಾರ. ಆದರೆ ಹೆಸರು ಮಾತ್ರವಲ್ಲ, ಸೇರಿರುವ ಸ್ಥಾನವೂ ಬದಲಾಗುವುದುಂಟು. ಹೊನ್ನಾಳಿ, ಚನ್ನಗಿರಿ ತಾಲೂಕುಗಳು 1997ರಲ್ಲಿ ಶಿವಮೊಗ್ಗ ಜಿಲ್ಲೆಯಿಂದ ಹೊರಟು, ಹೊಸದಾಗಿ ರಚಿತವಾದ ದಾವಣಗೆರೆ ಜಿಲ್ಲೆಯನ್ನು ಸೇರಿದವು. 1996ರ ಪತ್ರವನ್ನು ಓದುವಾಗ ಹೊನ್ನಾಳಿಯನ್ನು ಶಿವಮೊಗ್ಗದ ಕೆಳಗೂ, 1998ರ ಪತ್ರವನ್ನು ಓದುವಾಗ ಅದೇ ಹೊನ್ನಾಳಿಯನ್ನು ದಾವಣಗೆರೆಯ ಕೆಳಗೂ ನಿಲ್ಲಿಸಿ, ಎರಡೂ ಒಂದೇ ತಾಲೂಕೆಂದು ಗುರುತಿಸಬಲ್ಲ ವರ್ಗಕ್ಕೆ ಪತ್ರದ ದಿನಾಂಕವೂ ತಿಳಿದಿರಬೇಕು, ತಾಲೂಕಿನ ಪೂರ್ವೋತ್ತರವೂ ತಿಳಿದಿರಬೇಕು. ಆ ವರ್ಗವನ್ನು ಇಲ್ಲಿಯ ಕಾಲೇಜುಗಳ ವಿದ್ಯಾರ್ಥಿಗಳು, ಕಂದಾಯ ಇಲಾಖೆಯ ಹಳೆಯ ದಫ್ತರಗಳನ್ನು ಬಲ್ಲ ಹಿರಿಯರ ಪಕ್ಕದಲ್ಲಿ ಕುಳಿತು ಬರೆಯಬೇಕಾಗಿದೆ.